ಕೂಳೆ ಜೋಳದ ಚಿಗುರು

ಎಮ್ಮೆ ಸತ್ತಾಗ ನಾನು ಊರಲ್ಲಿರಲಿಲ್ಲ. ಯಾದಗಿರಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ತಯಾರಿ ನಡೆಸಿದ್ದೆ. ವಿಷಯ ಏನಿತ್ತೆಂಬುದು ಈಗ ಮರೆತಿದೆ, ನಾನು ಅದರ ವಿರುದ್ಧ ಮಾತಾಡಬೇಕಿತ್ತು ಎಂಬುದಷ್ಟೇ ನೆನಪು. ನಾನು ಯಾವಾಗಲೂ ವಿರುದ್ಧವೇ. ಶನಿವಾರ ಶಹಾಪುರದಲ್ಲಿ ಬಸ್ಸಿಳಿದು ಗೋಗಿ ಕಡೆಗೆ ಹೋಗುವ ಟಂಟಂ ಆಟೋ ಹತ್ತಿ ಕೂತಾಗ, ಪಕ್ಕದಲ್ಲಿದ್ದ ನಮ್ಮೂರಿನ ಹೆಂಗಸು ಸುದ್ದಿ ಹೇಳಿದಳು.

“ನಿಮ್ಮ ದೊಡ್ಡವ್ವನ ಎಮ್ಮಿಗಿ ಯಾರೋ ವಿಷಾ ಹಾಕ್ಯಾರ ನೋಡವಾ. ಸತ್ತೇ ಹೋತು.”

ದೊಡ್ಡವ್ವ ಹೇಗಿದ್ದಾಳೆ ಎಂದು ನಾನು ಕೇಳಲಿಲ್ಲ. “ವಿಷ ಅಂತ ಯಾರು ಹೇಳಿದ್ರು?” ಎಂದೆ. ನನ್ನ ಬಾಯಿಂದ ಹೊರಟ ಮೊದಲ ಮಾತು ಅದು. ಟಂಟಂನಲ್ಲಿದ್ದವರೆಲ್ಲ ಒಮ್ಮೆ ನನ್ನ ಮುಖ ನೋಡಿದರು.

ದೊಡ್ಡವ್ವ ನನ್ನ ಅಪ್ಪನ ಅಣ್ಣನ ಹೆಂಡತಿ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಆ ಗೋಡೆಯ ಮೇಲಿಂದ ಇತ್ತ ಹಾಲಿನ ಚೆಂಬು, ಅತ್ತ ನಮ್ಮವ್ವನ ಪಲ್ಯದ ಬಟ್ಟಲು ದಾಟುತ್ತಿದ್ದವು. ಎಮ್ಮೆಯನ್ನು ಅವಳು ಸುರಪುರದ ತನ್ನ ತವರಿನಿಂದ ಕರುವಾಗಿದ್ದಾಗಲೇ ತಂದು ಸಾಕಿದ್ದಳು. ನಾನು ಕುಡಿದು ಬೆಳೆದದ್ದು ಅದರದೇ ಹಾಲು. ಟ್ರ್ಯಾಕ್ಟರ್ ಹೊಡೆಯುವ ಮಗ, ಸೊಸೆ ಎಲ್ಲರೂ ಮನೆಯಲ್ಲೇ ಇದ್ದರೂ ಎಮ್ಮೆಗೆ ಮೇವು ಹಾಕುವ ಕೆಲಸವನ್ನು ಅವಳು ಇನ್ನೊಬ್ಬರಿಗೆ ಬಿಟ್ಟವಳಲ್ಲ. “ನೀವು ಹಾಕೂದು ಮೇವಲ್ಲ, ಕಸಾ ಚೆಲ್ಲಿದಂಗ ಚೆಲ್ತೀರಿ” ಎನ್ನುತ್ತಿದ್ದಳು.

ನಾನು ಹೋದಾಗ ಕೊಟ್ಟಿಗೆಯ ಮುಂದೆ ಕೂತಿದ್ದಳು. ಎಮ್ಮೆಯನ್ನು ಆಗಲೇ ಹೂತಿದ್ದರು. ಕಟ್ಟಿದ್ದ ಗೂಟದ ಹತ್ತಿರ ಅದರ ಕರು ಹಗ್ಗ ಜಗ್ಗುತ್ತಿತ್ತು. ಮೇವು ತಿಂದು ಸ್ವಲ್ಪ ಹೊತ್ತಿಗೇ ಏದುಸಿರು, ನಡುಕ, ಬಾಯಲ್ಲಿ ನೊರೆ, ಬಿದ್ದದ್ದು ಮತ್ತೆ ಏಳಲಿಲ್ಲ. ಶಹಾಪುರದಿಂದ ದನದ ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ಅವರು ನೋಡಿ, “ಏನೋ ವಿಷ ಹೊಟ್ಟಿಗಿ ಹೋಗ್ಯಾದ” ಎಂದು ಹೇಳಿ ಬೈಕ್ ಹತ್ತಿದ್ದರು. ಊರಿಗೆ ಅಷ್ಟು ಸಾಕಾಯಿತು. ವಿಷ ಹೋಗಿದೆ ಎಂದರೆ ಹಾಕಿದವನೊಬ್ಬ ಇರಲೇಬೇಕು ಎಂದು ಎಲ್ಲರೂ ಒಂದೇ ಹೆಜ್ಜೆಯಲ್ಲಿ ದಾಟಿದರು.

ಹಾಕಿದವನು ಯಾರೆಂದು ಹುಡುಕುವ ಕಷ್ಟವೂ ಇರಲಿಲ್ಲ. ದೊಡ್ಡವ್ವನ ಹೊಲದ ಮೇಲ್ಮಗ್ಗುಲಿಗೆ ಒಬ್ಬರ ಹೊಲವಿದೆ. ಸಂಬಂಧವಿಲ್ಲದಿದ್ದರೂ ನಾನು ಅವರನ್ನು ಕಾಕಾ ಎಂದೇ ಕರೆಯುವುದು. ಕಾಲುವೆ ನೀರಿಗೆ ಅವರು ಬೇಸಿಗೆ ಶೇಂಗಾ ಹಾಕಿದ್ದರು. ಅವರ ಪಾಳಿ ಬಂದು ತೂಬು ತೆರೆದಾಗಲೆಲ್ಲ ಬದುವಿನ ಕೆಳಗಿಂದ ನೀರು ಬಸಿದು ದೊಡ್ಡವ್ವನ ಜೋಳದ ಹೊಲಕ್ಕೆ ಇಳಿಯುತ್ತಿತ್ತು. ಕಟಾವಿಗೆ ಬಂದ ಜೋಳದ ಬುಡ ತೊಯ್ಯುತ್ತದೆಂದು ದೊಡ್ಡವ್ವ ಜಗಳ ತೆಗೆದಿದ್ದಳು. ಕಾಕಾ, “ನೀರಿಗೇನು ಲಗಾಮ ಹಾಕ್ಲೇನು?” ಎಂದಿದ್ದರು. ಸಾಲದ್ದಕ್ಕೆ ಎಮ್ಮೆ ಸಾಯುವ ಮುಂಚಿನ ದಿನ ಅವರು ಶೇಂಗಾಕ್ಕೆ ಹುಳದ ಎಣ್ಣೆ ಹೊಡೆದದ್ದನ್ನು ನಾಲ್ಕು ಜನ ನೋಡಿದ್ದರು.

“ಅವನ ಕೈ ಸೇದಿಹೋಗಲಿ” ಎಂದು ದೊಡ್ಡವ್ವ ಅವರ ಬಾಗಿಲ ಮುಂದೆ ನಿಂತು ಹಿಡಿಮಣ್ಣು ತೂರಿ ಬಂದಿದ್ದಳು.

ಇಂಥದಕ್ಕೆ ನಮ್ಮೂರಲ್ಲಿ ಒಂದು ಪದ್ಧತಿ ಇದೆ. ಹಣಮಪ್ಪನ ಗುಡಿಯ ಹೊಸ್ತಿಲು ಮುಟ್ಟಿ, “ನಾ ಮಾಡಿಲ್ಲ” ಎಂದು ಆಣೆ ಮಾಡಬೇಕು. ಮಾಡಿದರೆ ಮಾತು ಅಲ್ಲಿಗೆ ಮುಗಿಯಿತು. ಮರುವಾರದ ಸೋಮವಾರ ಆಣೆ ಎಂದು ಹಿರಿಯರು ಗೊತ್ತು ಮಾಡಿದರು. ಕಾಕಾ ಒಲ್ಲೆ ಎಂದರು. ಕಾರಣ ಇತ್ತು: ಅವರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮನೆಯಲ್ಲಿ ಬಸುರಿ ಇರುವಾಗ ನಿಜವಿರಲಿ ಸುಳ್ಳಿರಲಿ, ಗಂಡಸು ಹೊಸ್ತಿಲು ಮುಟ್ಟಿ ಆಣೆ ಮಾಡುವುದಿಲ್ಲ. ಅದೂ ನಮ್ಮೂರಿನ ಪದ್ಧತಿಯೇ. ಎರಡು ಪದ್ಧತಿಗಳು ಎದುರುಬದುರಾದಾಗ ಜನ ತಮಗೆ ಬೇಕಾದದ್ದನ್ನು ಆರಿಸಿಕೊಂಡರು. ಒಲ್ಲೆ ಎಂದನಲ್ಲ, ಅಂದರೆ ಅವನೇ. ಸೋಮವಾರ ಆಣೆ ಮಾಡದಿದ್ದರೆ ಅವರ ನೀರಿನ ಪಾಳಿ ತೆಗೆದು ಹಾಕುವುದೆಂಬ ಮಾತೂ ಬಂತು. ಶೇಂಗಾ ಆಗ ಕಾಯಿ ಕಟ್ಟುತ್ತಿತ್ತು. ಆ ಹೊತ್ತಿನಲ್ಲಿ ನೀರು ತಪ್ಪಿದರೆ ಬೆಳೆ ಹೋದಂತೆಯೇ.

ನಾನು ಇದನ್ನೆಲ್ಲ ಕೇಳಿ ದೊಡ್ಡವ್ವನ ಹತ್ತಿರವೇ ವಾದಕ್ಕೆ ನಿಂತೆ.

“ಕಾಕಾ ಕೊಟ್ಟಿಗಿಗಿ ಬಂದಿದ್ದು ಯಾರರ ನೋಡ್ಯಾರೇನು?”

“ನೋಡೂವಂಗ ಬರ್ತಾನೇನು? ಕಳ್ಳ ಅದಾನ ಅವ.”

“ಅಂದ್ರ ನೋಡಿಲ್ಲ ಅನ್ನೂದ ನಿನಗ ಸಾಕ್ಷಿ ಆತು!”

“ಎಮ್ಮಿ ಸತ್ತದ ನಂದು. ನೀ ಅವಗ ವಕೀಲಕಿ ಮಾಡ್ತಿ. ಹೋಗ, ನಿನ್ನ ಬಾಯಿ ಕೋರ್ಟಿನ್ಯಾಗ ಇಡಬೇಕಿತ್ತು, ಇಲ್ಲಿ ನಮ್ಮ ಕೊಟ್ಟಿಗ್ಯಾಗ ಯಾಕ ಇಟ್ಟಾನೋ ದೇವರು.”

ಬೈದ ಮೇಲೆ ಚಹಾ ಕೊಟ್ಟಳು. ಹಾಲಿಲ್ಲದ ಚಹಾ.

ಮಾರನೆಯ ದಿನ ನಾನೊಬ್ಬಳೇ ಅವಳ ಹೊಲಕ್ಕೆ ಹೋದೆ. ಸುತ್ತ ಎಲ್ಲ ಹೊಲಗಳು ಬೇಸಿಗೆಯ ಬಣ್ಣದಲ್ಲಿದ್ದವು, ದೊಡ್ಡವ್ವನ ಹೊಲದಲ್ಲಿ ಮಾತ್ರ ಮೇಲಿನ ಬದುವಿನುದ್ದಕ್ಕೂ ಹಸಿರು. ಕೊಯ್ದ ಜೋಳದ ಕೂಳೆಗಳು, ನೆಲದಲ್ಲೇ ಉಳಿದ ಬುಡಗಳು, ಬಸಿ ನೀರಿಗೆ ಮತ್ತೆ ಚಿಗುರಿದ್ದವು. ಗೇಣುದ್ದದ ಚಿಗುರು. ಅಷ್ಟರಲ್ಲಿ ಆ ಪಾಳಿಯ ನೀರು ನಿಂತು ಬಿಸಿಲು ಬಡಿದಿದ್ದರಿಂದ ತುದಿಗಳು ಬಾಡಿದ್ದವು. ನಡುವೆ ಒಂದಿಷ್ಟು ಜಾಗದಲ್ಲಿ ಚಿಗುರನ್ನು ನೀಟಾಗಿ ಕೊಯ್ದಿದ್ದರು. ಕುಡುಗೋಲು ಆಡಿಸಿದ ಆ ಅಚ್ಚುಕಟ್ಟು ನೋಡಿದರೆ ದೊಡ್ಡವ್ವನ ಕೈ ಎಂದು ಯಾರಿಗಾದರೂ ತಿಳಿಯುತ್ತಿತ್ತು.

ನಾನು ಅಲ್ಲಿಯೇ ಬದುವಿನ ಮೇಲೆ ಕೂತೆ. ಸಸ್ಯಶಾಸ್ತ್ರದ ತರಗತಿಯಲ್ಲಿ ಕೇಳಿದ್ದು ಒಂದೊಂದಾಗಿ ನೆನಪಾಯಿತು. ನನಗೆ ಆದ ಭಾವನೆಯನ್ನು ಮುಚ್ಚಿಡುವುದಿಲ್ಲ: ಸಂತೋಷ. ಎದುರಾಳಿಯ ವಾದದಲ್ಲಿ ತೂತು ಸಿಕ್ಕಾಗ ಆಗುವಂಥದು.

ನಮ್ಮ ಕಡೆ ಎಳೆ ಜೋಳಕ್ಕೆ ದನ ಬಿಡಬಾರದೆಂದು ತಿಳಿಯದವರಿಲ್ಲ. ಮಳೆಗಾಲದಲ್ಲಿ ಬಿತ್ತಿದ ಜೋಳ ಮೊಣಕಾಲು ದಾಟುವವರೆಗೆ ಹೊಲದ ಹತ್ತಿರ ದನ ಸುಳಿಯಗೊಡುವುದಿಲ್ಲ. ದೊಡ್ಡವ್ವನಿಗೂ ಗೊತ್ತು. ಆದರೆ ಕೂಳೆಯ ಚಿಗುರು ಅವಳ ಅನುಭವದಲ್ಲಿ ಇರಲಿಲ್ಲ. ಕಾಲುವೆ ಬರುವ ಮುಂಚೆ ಬಿಳಿಜೋಳವನ್ನು ಬೇರುಸಹಿತ ಕೀಳುತ್ತಿದ್ದರು. ನೆಲದಲ್ಲಿ ಏನೂ ಉಳಿಯುತ್ತಿರಲಿಲ್ಲ, ಉಳಿದರೂ ಚಿಗುರಲು ತೇವ ಇರುತ್ತಿರಲಿಲ್ಲ. ಕಾಲುವೆ ಬಂದ ಮೇಲೆ ಎರೆಮಣ್ಣು ಹಸಿಯಾಗೇ ಇರತೊಡಗಿತು. ಕಿತ್ತರೆ ಬೇರಿನ ಜೊತೆ ಕೆಸರಿನ ಹೆಂಟೆ ಬರುತ್ತದೆಂದು ಕುಡುಗೋಲಿನಿಂದ ಕೊಯ್ಯುವುದನ್ನು ಹಿಡಿದರು. ಕೂಳೆ ಉಳಿಯಿತು, ನೀರು ಬಸಿಯಿತು, ಬೇಸಿಗೆಯಲ್ಲಿ ಹಸಿರು ಮೇವು ಬಂತು. ಬೇಸಿಗೆಯಲ್ಲಿ ಹಸಿ ಮೇವು ಕಂಡರೆ ನಮ್ಮ ಜನಕ್ಕೆ ಅದು ವರ. ಅದರ ಬಗ್ಗೆ ಕೇಳಿದರೆ ಅವರ ಹತ್ತಿರ ತರ್ಕವೂ ಇತ್ತು: ಇದು ತೆನೆ ಕೊಟ್ಟ ಜೋಳ, ಮುದುಕ ಜೋಳ, ಇದರ ನಂಜೆಲ್ಲ ಎಂದೋ ಇಳಿದು ಹೋಗಿದೆ.

ಒಳ್ಳೆಯ ತರ್ಕವೇ. ಗಿಡದ ವಯಸ್ಸನ್ನು ಲೆಕ್ಕ ಹಿಡಿದರೆ ಸರಿ. ಆದರೆ ಗಿಡ ಹಾಗೆ ನಡೆಯುವುದಿಲ್ಲ. ಜೋಳದ ಬೇರು, ದಂಟು, ಎಲೆ, ಕಾಳು ಎಲ್ಲದರ ಒಳಗೂ ಅವೇ ವಂಶವಾಹಿಗಳಿವೆ. ಯಾವುದು ಎಲ್ಲಿ, ಯಾವಾಗ ಕೆಲಸಕ್ಕೆ ಇಳಿಯುತ್ತದೆ ಎಂಬುದೇ ಬೇರೆ ಬೇರೆ. ಸೈನೈಡನ್ನು ಸಕ್ಕರೆಯ ಜೊತೆ ಕಟ್ಟಿ ಕೂಡಿಡುವ ಕಿಣ್ವಗಳಿವೆಯಲ್ಲ, ಅವುಗಳ ವಂಶವಾಹಿಗಳು ಎಳೆ ಚಿಗುರಿನಲ್ಲಿ ಭರದಿಂದ ದುಡಿಯುತ್ತವೆ. ಎಲೆ ಬಲಿತಂತೆ ಸುಮ್ಮನಾಗುತ್ತವೆ. ಒಣಗಿದ ಕಾಳಿನಲ್ಲಿ ಕೂಡಿಟ್ಟದ್ದು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ನಾವು ರೊಟ್ಟಿ ತಿಂದು ಬದುಕಿದ್ದೇವೆ. ಬುಡಕ್ಕೆ ಎಷ್ಟೇ ವಯಸ್ಸಾಗಿರಲಿ, ಅದರಿಂದ ಹೊರಟ ಚಿಗುರು ಹೊಸದೇ. ಚಿಗುರಿನ ಒಳಗಿನ ಕೆಲಸವೂ ಹೊಸ ಮೊಳಕೆಯದೇ. ಬಾಡಿದರೆ ಅಪಾಯ ಇನ್ನೂ ಹೆಚ್ಚು.

ಕಾಲೇಜಿನ ಪ್ರಯೋಗಾಲಯದಲ್ಲಿ ಪಿಕ್ರಿಕ್ ಆಮ್ಲದಲ್ಲಿ ಅದ್ದಿ ಒಣಗಿಸಿದ ಹಳದಿ ಕಾಗದದ ಪಟ್ಟಿಗಳಿದ್ದವು. ಅರೆದ ಎಲೆಯ ಮೇಲೆ ಅದನ್ನು ತೂಗುಬಿಟ್ಟು ಬಾಟಲಿ ಮುಚ್ಚಿದರೆ, ಸೈನೈಡಿನ ಗಾಳಿ ತಾಗಿ ಹಳದಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಯಾದಗಿರಿಗೆ ಮರಳಿ ಮೇಷ್ಟ್ರನ್ನು ಕೇಳಿ ಕೆಲವು ಪಟ್ಟಿ ಇಸಿದುಕೊಂಡೆ.

ಆಣೆಯ ಹಿಂದಿನ ದಿನ, ಭಾನುವಾರ, ಊರಿಗೆ ಬಂದೆ. ಆ ಸಂಜೆ ಗೋಡೆಯ ಆಚೆ ದೊಡ್ಡವ್ವ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು, ಬೇರೆಯವರ ಮನೆಯಿಂದ ಕೇಳಿ ತಂದ ಹಾಲು. ನನ್ನ ಚೀಲದಲ್ಲಿ ಪಟ್ಟಿಗಳಿದ್ದವು. ಗೋಡೆಗೆ ಮೊಣಕೈ ಊರಿ ಅವಳೊಬ್ಬಳಿಗೇ ಹೇಳಬಹುದಿತ್ತು. ಇದನ್ನು ನಾನು ಎಷ್ಟು ಸಲ ನನ್ನೊಳಗೆ ಚರ್ಚೆಗೆ ಇಟ್ಟಿದ್ದೇನೋ. ಪರವಾಗಿ: ಅವಳಿಗೆ ಮೊದಲು ತಿಳಿದಿದ್ದರೆ ತಾನೇ ಆರೋಪ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ವಿರುದ್ಧವಾಗಿ: ತೆಗೆದುಕೊಳ್ಳದೆ ಇದ್ದಿದ್ದರೆ? ಆಗ ಸೋಮವಾರ ಕಾಕಾನ ಪಾಳಿ ಹೋಗುತ್ತಿತ್ತು. ಎದುರಿಗೆ ತೋರಿಸದೆ ಊರು ನಂಬುತ್ತಿರಲಿಲ್ಲ. ಎರಡನೆಯ ವಾದವೇ ಗಟ್ಟಿ, ಇವತ್ತಿಗೂ ಗಟ್ಟಿ. ಗಟ್ಟಿ ಎಂಬುದರಿಂದ ನನಗೆ ಏನೂ ಹಗುರಾಗಿಲ್ಲ, ಅಷ್ಟೇ.

ಸೋಮವಾರ ಬೆಳಗ್ಗೆ ಗುಡಿಯ ಕಟ್ಟೆಯ ಮೇಲೆ ಜನ ಕೂಡಿದ್ದರು. ಕಾಕಾ ತಲೆಗೆ ವಲ್ಲಿ ಸುತ್ತಿಕೊಂಡು ಒಂದು ಮೂಲೆಯಲ್ಲಿ ನಿಂತಿದ್ದರು. ನಾನು ಖಾಲಿ ಟಾನಿಕ್ ಬಾಟಲಿಗಳನ್ನು ಸಾಲಾಗಿ ಇಟ್ಟೆ. ಒಂದರಲ್ಲಿ ಜೋಳದ ಕಾಳಿನ ಪುಡಿ, ಒಂದರಲ್ಲಿ ಕಣಕಿ ಎನ್ನುವ ಜೋಳದ ಒಣ ದಂಟು, ಒಂದರಲ್ಲಿ ಕಾಕಾ ಎಣ್ಣೆ ಹೊಡೆದ ಬದುವಿನ ಹುಲ್ಲು, ಕೊನೆಯದರಲ್ಲಿ ಕೂಳೆಯ ಚಿಗುರು, ಎಲ್ಲವೂ ಅರೆದದ್ದು. ಎಲ್ಲದಕ್ಕೂ ಹನಿ ನೀರು, ಎಲ್ಲದಕ್ಕೂ ಹಳದಿ ಪಟ್ಟಿ, ಮುಚ್ಚಳ. ಬಿಸಿಲಿಗೆ ಇಟ್ಟೆ.

“ಏನವಾ, ಜಾದು ಮಾಡ್ತೀಯೇನು?” ಎಂದರು ಒಬ್ಬ ಹಿರಿಯರು.

“ಜಾದು ಅಲ್ರೀ. ಬಣ್ಣ ತಿರುಗಿದ್ದರಾಗ ವಿಷ ಅದ.”

“ತಿರುಗದಿದ್ರ?”

“ತಿರುಗದಿದ್ರ ನಾ ಸೋತಂಗ. ಕಾಕಾ ಹೊಸ್ತಿಲಾ ಮುಟ್ಟಲಿ.”

“ನನ್ನ ಕೇಳ್ದೇ ನನ್ನ ಮುಟ್ಟಸ್ತೀಯಲ್ಲವಾ” ಎಂದರು ಕಾಕಾ ಮೂಲೆಯಿಂದ. ಜನ ನಕ್ಕರು. ಆ ನಗುವಿನಿಂದ ನನಗೆ ಇನ್ನಷ್ಟು ಹುರುಪು ಬಂತು.

ಕಾಯುವ ಹೊತ್ತಿನಲ್ಲಿ ನಾನು ಸುಮ್ಮನೆ ಕೂರಲಿಲ್ಲ. ಎಲೆ ಅಡಿಕೆ ಮೆಲ್ಲುತ್ತ ಹೆಂಗಸರ ನಡುವೆ ಕೂತಿದ್ದ ದೊಡ್ಡವ್ವನನ್ನೇ ತೋರಿಸಿ ವಿವರಿಸಿದೆ: ಎಲೆ ಬೇರೆ ಇಟ್ಟರೆ ಹಸಿರು, ಸುಣ್ಣ ಬೇರೆ ಇಟ್ಟರೆ ಬಿಳುಪು, ಅಡಿಕೆ ಬೇರೆ ಇಟ್ಟರೆ ಕಂದು. ಜಗಿದಾಗ ಕೆಂಪು ಎಲ್ಲಿಂದ ಬರುತ್ತದೆ? ಚಿಗುರಿನ ಒಳಗೂ ಹಾಗೆಯೇ. ಕೂಡಿಟ್ಟ ವಸ್ತು ಎಲೆಯ ಹೊರ ಪದರದಲ್ಲಿ, ಅದನ್ನು ಒಡೆಯುವ ಕಿಣ್ವ ಒಳಪದರದಲ್ಲಿ. ಎಮ್ಮೆ ಜಗಿದಾಗ ಎರಡೂ ಕೂಡುತ್ತವೆ. ಆಗ ಸೈನೈಡ್ ಬಿಡುಗಡೆಯಾಗುತ್ತದೆ. ಯಾರೂ ಹಾಕಬೇಕಾಗಿಲ್ಲ.

ಜನ ತಲೆಯಾಡಿಸಿದರು. ದೊಡ್ಡವ್ವ ಮೆಲ್ಲುವುದನ್ನು ನಿಲ್ಲಿಸಿದ್ದು ನಾನು ನೋಡಿದೆ. ನೋಡಿಯೂ ಮುಂದಕ್ಕೆ ಹೋದೆ.

ಬಾಟಲಿಗಳನ್ನು ಎತ್ತಿದೆ. ಕಾಳಿನದು ಹಳದಿ. ಹುಲ್ಲಿನದು ಹಳದಿ. ಕಣಕಿಯದು ಹಳದಿಯೇ, ಅಂಚಿನಲ್ಲಿ ಸ್ವಲ್ಪ ಮಾಸಿತ್ತು. ಚಿಗುರಿನದು ಇಟ್ಟಿಗೆಗೆಂಪು. ಬಾಟಲಿ ಕೈಯಿಂದ ಕೈಗೆ ಹೋಯಿತು. ಕೆಲವರು ಅರಿಯದೆ ಮುಚ್ಚಳ ತೆಗೆದು ಮೂಸಲು ಹೊರಟರು, ನಾನು ಬೈದು ಕಸಿದುಕೊಂಡೆ.

ಒಬ್ಬ ಚುರುಕಾದ ಎದುರಾಳಿ ಇದ್ದಿದ್ದರೆ ಅಲ್ಲಿಯೇ ನನ್ನನ್ನು ಹಿಡಿಯಬಹುದಿತ್ತು. ಚಿಗುರಿನಲ್ಲಿ ವಿಷ ಇದೆ, ಸರಿ. ಎಮ್ಮೆ ಅದನ್ನೇ ತಿಂದಿತೆಂದು ಹೇಗೆ ಹೇಳುತ್ತೀ? ಈ ಪಟ್ಟಿ ಹುಳದ ಎಣ್ಣೆಯನ್ನು ಹಿಡಿಯುವುದಿಲ್ಲ ಎಂದೂ ಹೇಳಬಹುದಿತ್ತು, ಆದರೆ ನನ್ನ ವಾದದ ದೊಡ್ಡ ಗುಂಡಿ ಎಮ್ಮೆ ತಿಂದದ್ದರದೇ. ಅದನ್ನು ಮುಚ್ಚಬಲ್ಲವಳು ಒಬ್ಬಳೇ. ಯಾರೂ ಕೇಳುವ ಮುಂಚೆ ನಾನೇ ಅವಳ ಕಡೆ ತಿರುಗಿದೆ.

“ದೊಡ್ಡವ್ವ, ಆವತ್ತು ಮುಂಜಾನಿ ಎಮ್ಮಿಗಿ ಏನ ಹಾಕಿದ್ದಿ?”

ಅವಳು ಸುಳ್ಳು ಹೇಳಬಹುದಿತ್ತು. ಕಣಕಿ ಎಂದಿದ್ದರೆ ಮುಗಿಯುತ್ತಿತ್ತು.

“ಹಸಿ ಮೇವ ಹಾಕಿದ್ದೆ” ಎಂದಳು. “ಹೊಲದಾಗಿಂದು. ಒಂದ್ ತೆಕ್ಕಿ. ಭಾಳ ಪ್ರೀತಿಲೇ ತಿಂತು.”

“ಕೂಳಿ ಚಿಗುರಾ?”

“ಹೂಂ.”

“ಯಾರ ಕೊಯ್ದಿದ್ರು?”

ಇದನ್ನು ಕೇಳುವ ಅಗತ್ಯವೇ ಇರಲಿಲ್ಲ. ಹಿಂದಿನ ಉತ್ತರದಲ್ಲೇ ಎಲ್ಲ ಮುಗಿದಿತ್ತು. ಅಭ್ಯಾಸಬಲ. ಕೊನೆಯ ಪ್ರಶ್ನೆಯನ್ನು ಬಿಡಬಾರದು ಎಂದು ನಮಗೆ ಕಲಿಸಿದ್ದರು.

“ನಾನ ಕೊಯ್ದೆ. ನಾನ ಹಾಕ್ದೆ” ಎಂದಳು. ಆಮೇಲೆ ಸುತ್ತಲಿನವರನ್ನು ಬಿಟ್ಟು ನನ್ನೊಬ್ಬಳನ್ನೇ ಕೇಳುವಂತೆ ಕೇಳಿದಳು: “ಅಂದ್ರ ನಾನ ಕೊಂದೆನಲ?”

ಯಾರೋ “ಇರಲಿ ಬಿಡವಾ, ತಿಳೀದೇ ಆತು” ಎಂದರು. ಹಿರಿಯರು ಪಾಳಿ ಮೊದಲಿನಂತೆಯೇ ನಡೆಯಲಿ ಎಂದು ಫೈಸಲಾ ಕೊಟ್ಟರು. ಕಾಕಾ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ದೊಡ್ಡವ್ವ ಎದ್ದು ಕಾಕಾನ ಮನೆ ಕಡೆ ನಡೆದಳು. ನಾನು ಹಿಂದೆ ಹೋದೆ. ಅವರ ಬಾಗಿಲ ಮುಂದೆ ಬಗ್ಗಿ ತಾನು ತೂರಿದ್ದ ಮಣ್ಣನ್ನು ಹುಡುಕುತ್ತಿದ್ದಳು. ವಾರದಲ್ಲಿ ಎಷ್ಟು ಸಲ ಕಸ ಗುಡಿಸಿ ನೀರಿನ ಚಳೆ ಹೊಡೆದಿದ್ದರೋ, ಅಲ್ಲಿ ಅವಳ ಮಣ್ಣು ಎಲ್ಲಿರುತ್ತದೆ? ಸಿಕ್ಕಷ್ಟು ಬಾಚಿ ಸೆರಗಿಗೆ ಹಾಕಿಕೊಂಡಳು. ಬಸುರಿ ಹುಡುಗಿ ಬಾಗಿಲಲ್ಲಿ ನಿಂತು, “ಇರ್ಲಿ ಬಿಡ್ರಿ ಚಿಗವ್ವ, ಒಳಗ ಬರ್ರಿ” ಎಂದು ಅಳುವ ದನಿಯಲ್ಲಿ ಕರೆಯುತ್ತಿದ್ದಳು.

ಆಮೇಲೆ ನಾನು ಅವಳಿಗೆ ಎಷ್ಟೋ ವಾದಗಳನ್ನು ಕೊಟ್ಟೆ. ಚಿಗುರು ಬಂದದ್ದು ಕಾಕಾನ ಬದು ಬಸಿದಿದ್ದರಿಂದ. ಅದು ಬಾಡಿದ್ದು ನೀರು ನಿಂತಿದ್ದರಿಂದ. ಕೊಯ್ಯುವ ಪದ್ಧತಿ ಬದಲಾದದ್ದು ಊರಿಗೆಲ್ಲ. ಕೂಳೆ ಚಿಗುರು ಹಾಕಬಾರದೆಂದು ಯಾರೂ ಹೇಳಿರಲಿಲ್ಲ. ಒಂದೊಂದೂ ನಿಜ. ಅವಳು ಕೊನೆಯವರೆಗೂ ಕೇಳಿ, “ಮೊದ್ಲ ಅವನ ವಕೀಲಕಿ ಮಾಡಿದಿ, ಈಗ ನನ್ನ ವಕೀಲಕಿ ಮಾಡಾಕತ್ತಿ. ನಿನಗ ಯಾವುದು ಖರೇ ಅನಸ್ತದ?” ಎಂದಳು.

“ಎರಡೂ ಖರೇನೇ ಅವ, ದೊಡ್ಡವ್ವ.”

“ಹಂಗಿದ್ರ ನೀನ ಇಟಗೋ” ಎಂದಳು.

ಸಿಟ್ಟಿನಿಂದ ಅಲ್ಲ. ಬೇಡವಾದ ಬಟ್ಟಲನ್ನು ಗೋಡೆಯ ಮೇಲಿಂದ ವಾಪಸು ಕೊಡುವ ಹಾಗೆ.

ಕಾಕಾನ ಮನೆಯಿಂದ ಆ ವರ್ಷ ನಮಗೆ ಹಸಿ ಶೇಂಗಾ ಬಂತು. ಮಗಳಿಗೆ ಹೆಣ್ಣು ಕೂಸು ಹುಟ್ಟಿದಾಗ ಮೊದಲು ನನಗೆ ಹೇಳಿ ಕಳಿಸಿದರು. ಎದುರಿಗೆ ಸಿಕ್ಕರೆ, “ನಮ್ಮ ವಕೀಲಮ್ಮ ಬಂದ್ಳು” ಎಂದು ಈಗಲೂ ಟಂಟಂನಲ್ಲಿ ಜಾಗ ಬಿಟ್ಟು ಕೊಡುತ್ತಾರೆ. ನಾನು ಮಾಡಿದ್ದು ಸರಿ ಎಂಬುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಅವರು ಜಾಗ ಬಿಟ್ಟಾಗ ನನಗೆ ಕೂರಲು ಮನಸ್ಸಾಗುವುದಿಲ್ಲ, ಕೂರುತ್ತೇನೆ.

ದೊಡ್ಡವ್ವ ನನ್ನ ಜೊತೆ ಮಾತು ಬಿಟ್ಟಿದ್ದರೆ ಸುಲಭವಿತ್ತು. ಬಿಡಲಿಲ್ಲ. ಆ ಕರು ಈಗ ಕಡಸಾಗಿದೆ, ಮೈ ತುಂಬಿದೆ. ಅದಕ್ಕೆ ಅವಳು ತನ್ನ ಕೈಯಿಂದ ಏನನ್ನೂ ಹಾಕುವುದಿಲ್ಲ. ಸೊಸೆ ಹಾಕುತ್ತಾಳೆ, ಅವಳು ದೂರ ನಿಂತು ನೋಡುತ್ತಾಳೆ. ಕಸ ಚೆಲ್ಲಿದಂತೆ ಚೆಲ್ಲುತ್ತೀ ಎಂದು ಬೈಯುವುದನ್ನೂ ಬಿಟ್ಟಿದ್ದಾಳೆ. ನಾನು ರಜೆಗೆ ಬಂದ ದಿನಗಳಲ್ಲಿ ಮಾತ್ರ ಗೋಡೆಯ ಆಚೆಯಿಂದ ಕರೆ ಬರುತ್ತದೆ.

ಹೋದ ಸಲವೂ ಕರೆದಳು. ಕೈಯಲ್ಲಿ ಕಣಕಿಯ ಒಂದು ಸಿವುಡು. ಎರಡು ಬೇಸಿಗೆ ಬಿಸಿಲು ಕುಡಿದು ಕರಕಲಾದ, ಮುಟ್ಟಿದರೆ ಮುರಿಯುವ ಕಣಕಿ.

“ಇದನ್ನ ಹಾಕಬಹುದೇನು ನೋಡು.”

“ದೊಡ್ಡವ್ವ, ಇದು ಒಣಾ ಕಣಕಿ. ನೀ ನನಗಿಂತ ಮೊದ್ಲಿಂದ ನೋಡಿದಿ. ಇದರಾಗ ಏನೂ ಇಲ್ಲ.”

“ಅಲ್ಲ, ನೀ ನೋಡಿ ಹೇಳು.”

ನಾನು ಸಿವುಡು ಬಿಚ್ಚಿ ಒಂದೊಂದೇ ದಂಟು ತಿರುಗಿಸಿ ನೋಡಿದೆ. ನೋಡುವುದಕ್ಕೆ ಏನೂ ಇರಲಿಲ್ಲ. ಜೀವಮಾನವೆಲ್ಲ ದನದ ಬಾಯಿಗೆ ಮೇವು ಕೊಟ್ಟವಳ ಎದುರಿಗೆ, ಕರುವಿಗೆ ಹುಲ್ಲು ಕಿತ್ತೂ ಗೊತ್ತಿರದ ನಾನು ಪರೀಕ್ಷಕಳ ಹಾಗೆ ದಂಟು ತಿರುಗಿಸುತ್ತಿದ್ದೆ. ಬೇಗ ಮುಗಿಸಿದರೆ ನೋಡಲಿಲ್ಲ ಎಂದುಕೊಳ್ಳುತ್ತಾಳೆಂದು ಬೇಕೆಂದೇ ತಡ ಮಾಡಿದೆ.

“ಚೊಲೋ ಅದ. ಹಾಕು.”

ಅವಳು ಹಿಂದಕ್ಕೆ ಸರಿದಳು. “ನೀನ ಹಾಕು.”

ಹಾಕಿದೆ. ಕಡಸು ಮೂಗಿನಿಂದ ಒಮ್ಮೆ ಊದಿ ತಿನ್ನತೊಡಗಿತು. ಅವಳು ಗೋಡೆಗೆ ಒರಗಿ ಅದರ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತಿದ್ದಳು, ನಡುನಡುವೆ ನನ್ನ ಮುಖವನ್ನೂ. ಒಣ ಕಣಕಿಯಿಂದ ಏನೂ ಆಗುವುದಿಲ್ಲವೆಂದು ನಾನು ಯಾವ ವೇದಿಕೆಯ ಮೇಲೆ ಬೇಕಾದರೂ ವಾದಿಸಬಲ್ಲೆ. ಆದರೂ ಅದರ ಉಸಿರನ್ನು ನಾನೂ ಲೆಕ್ಕ ಹಿಡಿಯತೊಡಗಿದ್ದೆ.

“ನಾ ಹೋಗ್ಲೇನು ದೊಡ್ಡವ್ವ? ಬಸ್ಸಿಗಿ ಹೊತ್ತಾತು.”

“ಜರಾ ನಿಂದ್ರು,” ಎಂದಳು. “ಮೆಲಕ ಹಾಕ್ಲಿ.”